ವಾಲ್ ಮುಚ್ಚಿದರೂ ನಿಲ್ಲದ ಹನಿ: ತಾಮ್ರದ ಪೈಪ್ ಬೆಸೆಯುವ ಮುನ್ನ



ಪಶುವೈದ್ಯರಿಗೆ ಪೈಪಿನ ಚಿಂತೆ ಯಾಕೆ ಎಂದು ನೀವು ಕೇಳಬಹುದು. ಆಕಳ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ಇರುವುದು ನೀರೇ. ಒಂದು ಲೀಟರ್ ಹಾಲು ಕೊಡಲು ಆಕಳು ಸುಮಾರು 3ರಿಂದ 5 ಲೀಟರ್ ನೀರು ಕುಡಿಯಬೇಕು. ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಒಂದು ಹೊತ್ತು ನೀರು ತಪ್ಪಿದರೂ ಸಂಜೆಯ ಹಾಲು ಇಳಿಯುತ್ತದೆ. ಕ್ಯಾನು, ಬಕೇಟು ತೊಳೆಯಲು ಬಿಸಿನೀರು ಸಿಗದಿದ್ದರೆ ಹಾಲು ಬೇಗ ಕೆಡುತ್ತದೆ. ಹೀಗಾಗಿ ಪೈಪ್ ಒಡೆದರೆ ಅದರ ನಷ್ಟ ಹಾಲಿನ ಲೆಕ್ಕದಲ್ಲೇ ಕಾಣುತ್ತದೆ.

ಒಡೆದ ಪೈಪಿಗೆ ಕೂಡಲೇ ಬೆಸುಗೆ ಹಾಕಿಸಿ, ಎರಡೇ ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಸೋರುವುದನ್ನು ನೀವು ನೋಡಿರಬಹುದು. ಎಲ್ಲ ಸಲವೂ ಕೆಲಸಗಾರನ ಕೈಗುಣವೇ ಕಾರಣವಲ್ಲ. ವಾಲ್ ಮುಚ್ಚಿದ ಮೇಲೂ ಪೈಪಿನೊಳಗೆ ಉಳಿದ ನೀರು ಹನಿ ಹನಿಯಾಗಿ ಬರುತ್ತಿದ್ದರೆ ಎಂಥ ಬೆಸುಗೆಯೂ ಹಿಡಿಯುವುದಿಲ್ಲ. ಆ ನೀರನ್ನು ತಡೆಯುವುದು ಹೇಗೆ ಎಂಬುದು ನಿಮಗೂ ತಿಳಿದಿರಲಿ. ನೀವೇ ಬೆಸುಗೆ ಹಾಕಬೇಕೆಂದಲ್ಲ. ಆದರೆ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿ ಹೇಳುವಷ್ಟು ತಿಳಿದಿದ್ದರೆ ಹಣವೂ ಉಳಿಯುತ್ತದೆ, ಹಾಲೂ ಉಳಿಯುತ್ತದೆ.

ನಮ್ಮಲ್ಲಿ ತಾಮ್ರದ ಪೈಪ್ ಎಲ್ಲಿದೆ?

ಹಳ್ಳಿಯ ಕೊಟ್ಟಿಗೆಗೆ ನೀರು ತರುವ ಪೈಪು ಹೆಚ್ಚಾಗಿ ಪಿ.ವಿ.ಸಿ. ಇಲ್ಲವೇ ಕಬ್ಬಿಣದ್ದು. ತಾಮ್ರ ಇರುವುದು ಬಿಸಿನೀರಿನ ಕಡೆ. ಮಾಳಿಗೆಯ ಮೇಲಿನ ಸೋಲಾರ್ ಹೀಟರಿನ ಹಳೆಯ ಮಾದರಿಯಲ್ಲಿ ಗಾಜಿನ ಕೆಳಗೆ ಕಪ್ಪು ತಗಡಿಗೆ ಅಂಟಿಕೊಂಡಿರುವ ಕೊಳವೆಗಳು ತಾಮ್ರದವು. ಗ್ಯಾಸ್ ಗೀಸರಿನ ಒಳಸುರುಳಿಯಲ್ಲೂ, ಕಲಬುರಗಿ ನಗರದ ಕೆಲವು ಮನೆಗಳ ಬಿಸಿನೀರಿನ ಲೈನಿನಲ್ಲೂ ತಾಮ್ರವೇ ಇರುತ್ತದೆ.

ಸಂಘದ ಹಾಲು ಶೀತಲೀಕರಣ ಘಟಕದಲ್ಲೂ ತಾಮ್ರದ ಪೈಪು ಕಾಣುತ್ತದೆ. ಅದರೊಳಗೆ ಇರುವುದು ನೀರಲ್ಲ, ಒತ್ತಡ ತುಂಬಿದ ತಂಪುಗ್ಯಾಸು. ಅದನ್ನು ಯಾರೂ ಮುಟ್ಟಬಾರದು. ಸೋರಿದರೆ ಒಕ್ಕೂಟದ ತಾಂತ್ರಿಕ ಸಿಬ್ಬಂದಿಗೆ ತಿಳಿಸಿ. ಗ್ಯಾಸ್ ಗೀಸರನ್ನೂ ಅದರ ಮೆಕ್ಯಾನಿಕ್‌ಗೇ ಬಿಡಿ. ಇಲ್ಲಿ ಹೇಳುವುದೆಲ್ಲ ನೀರಿನ ಪೈಪಿಗೆ ಮಾತ್ರ.

ವಾಲ್ ಮುಚ್ಚಿದ ಮೇಲೂ ನೀರು ಎಲ್ಲಿಂದ ಬರುತ್ತದೆ?

ಇದಕ್ಕೆ ನಾಲ್ಕು ಕಾರಣಗಳಿವೆ.

ಒಂದು, ಪೈಪಿನಲ್ಲೇ ಉಳಿದ ನೀರು. ಅರ್ಧ ಇಂಚು ಒಳಅಗಲದ ಪೈಪು 10 ಮೀಟರ್ ಇದ್ದರೆ ಅದರಲ್ಲಿ ಸುಮಾರು ಒಂದೂಕಾಲು ಲೀಟರ್ ನೀರು ನಿಂತಿರುತ್ತದೆ. ಅದು ಒಮ್ಮೆಲೇ ಬಾರದೆ ನಿಧಾನವಾಗಿ ಇಳಿಯುತ್ತದೆ.

ಎರಡು, ಗಾಳಿಯ ತಡೆ. ಒಲೆ ಊದುವ ಊದುಗೊಳವೆಯನ್ನು ನೀರಿನಲ್ಲಿ ಅದ್ದಿ, ಮೇಲಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಎತ್ತಿರಿ. ನೀರು ಒಳಗೇ ನಿಲ್ಲುತ್ತದೆ. ಬೆರಳು ತೆಗೆದರೆ ಸುರಿಯುತ್ತದೆ. ಮೇಲಿನಿಂದ ಗಾಳಿ ಒಳಗೆ ಹೋಗದೆ ನೀರು ಕೆಳಗೆ ಬರುವುದಿಲ್ಲ. ಪೈಪೂ ಹಾಗೆಯೇ. ಮೇಲಿನ ನಳ ಮುಚ್ಚಿದ್ದರೆ ನೀರು ಪೈಪಿನಲ್ಲಿ ತೂಗಿಕೊಂಡು ನಿಂತಿದ್ದು, ಬೆಸುಗೆ ಹಾಕುವ ಹೊತ್ತಿಗೆ ಗಾಳಿ ನುಸುಳಿದಂತೆಲ್ಲ ಹನಿಯುತ್ತದೆ.

ಮೂರು, ವಾಲ್ ಪೂರ್ತಿ ಮುಚ್ಚದಿರುವುದು. ನಮ್ಮ ಭಾಗದ ಕೊಳವೆಬಾವಿ ನೀರು ಹಲವು ಕಡೆ ಗಡುಸು. ಪಾತ್ರೆಯ ತಳದಲ್ಲಿ ಬಿಳಿ ಕಲ್ಲು ಕಟ್ಟುವಂತೆ ಹಳೆಯ ಗೇಟ್ ವಾಲಿನ ಒಳಗೂ ಕಟ್ಟುತ್ತದೆ. ಚಕ್ರ ಎಷ್ಟೇ ತಿರುಗಿಸಿದರೂ ಒಳಗಿನ ತಗಡು ಕೂರುವುದಿಲ್ಲ. ಇನ್ನೂ ಒತ್ತಿ ತಿರುಗಿಸಿದರೆ ವಾಲೇ ಮುರಿಯಬಹುದು.

ನಾಲ್ಕು, ಸೋಲಾರ್ ಟಾಕಿಯ ನೀರು. ಇದು ಬಹಳ ಜನರಿಗೆ ತಿಳಿಯದ ವಿಷಯ. ಮನೆಗಳ ಸೋಲಾರಿನಲ್ಲಿ ಬಿಸಿನೀರಿನ ಟಾಕಿ ಗಾಜಿನ ತಟ್ಟೆಗಿಂತ ಎತ್ತರದಲ್ಲಿದ್ದು, ಎರಡನ್ನೂ ಜೋಡಿಸುವ ಪೈಪುಗಳಿಗೆ ಸಾಮಾನ್ಯವಾಗಿ ವಾಲ್ ಇರುವುದಿಲ್ಲ. ತಣ್ಣೀರಿನ ವಾಲ್ ಮುಚ್ಚಿದರೆ ಹೊಸ ನೀರು ಬರುವುದು ನಿಲ್ಲುತ್ತದೆ, ಆದರೆ ಟಾಕಿಯಲ್ಲಿರುವ 100 ಅಥವಾ 200 ಲೀಟರ್ ನೀರು ತಟ್ಟೆಯ ಕಡೆ ಇಳಿಯುತ್ತಲೇ ಇರುತ್ತದೆ. ಒಡೆದದ್ದು ತಟ್ಟೆಯ ಪೈಪಾದರೆ ಟಾಕಿ ಖಾಲಿ ಮಾಡದೆ ದುರಸ್ತಿ ಸಾಧ್ಯವಿಲ್ಲ.

ನಗರದಲ್ಲಿ ಇನ್ನೊಂದು ಮಾತು. ಭೀಮಾ ಮತ್ತು ಬೆಣ್ಣೆತೊರಾ ಮೂಲದ ನಳದ ನೀರನ್ನು ಓಣಿ ಓಣಿಗೆ ಸರದಿಯ ಮೇಲೆ ಬಿಡುತ್ತಾರೆ. ದುರಸ್ತಿಯ ನಡುವೆ ನೀರು ಬಂದರೆ ಅರ್ಧ ಬೆಸೆದ ಜೋಡಣೆ ಹಾಳಾಗುತ್ತದೆ. ನೀರು ಬಿಡುವ ದಿನ ಮತ್ತು ಹೊತ್ತು ಕೇಳಿಕೊಂಡು ಕೆಲಸಕ್ಕೆ ಕರೆಯಿರಿ.

ಒಂದು ಹನಿ ಬೆಸುಗೆಯನ್ನು ಹೇಗೆ ಕೆಡಿಸುತ್ತದೆ?

ಪಾತ್ರೆಯಲ್ಲಿ ನೀರು ಇರುವವರೆಗೆ ಅದರ ತಳ ಸೀಯುವುದಿಲ್ಲ. ಉರಿ ಎಷ್ಟೇ ಇದ್ದರೂ ನೀರು 100 ಡಿಗ್ರಿಗೆ ಕುದಿಯುತ್ತ, ಬಂದ ಶಾಖವನ್ನೆಲ್ಲ ಆವಿಯಾಗಿ ಹೊತ್ತೊಯ್ಯುತ್ತದೆ. ಒಂದು ಗ್ರಾಂ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ಕಾಯಿಸಲು 100 ಕ್ಯಾಲೊರಿ ಸಾಕು. ಅದನ್ನೇ ಆವಿ ಮಾಡಲು ಮತ್ತೆ ಸುಮಾರು 540 ಕ್ಯಾಲೊರಿ ಬೇಕು.

ತಾಮ್ರದ ಪೈಪಿಗೆ ಬಳಸುವ ತವರದ ಬೆಸುಗೆ ಕರಗಲು 220 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ಫ್ರಿಜ್, ಎ.ಸಿ. ರಿಪೇರಿಯವರು ಹಾಕುವ ತಾಮ್ರ-ರಂಜಕದ ಕಡ್ಡಿಗೆ 700 ಡಿಗ್ರಿಯ ಆಸುಪಾಸು ಬೇಕು. ಒಳಗೆ ನೀರಿದ್ದರೆ ಪೈಪು ಆ ಬಿಸಿಗೆ ಏರುವುದೇ ಇಲ್ಲ. ಹೊರಗೆ ಬೆಸುಗೆ ಗುಂಡುಗುಂಡಾಗಿ ಕೂರುತ್ತದೆ, ಸಂದಿನೊಳಗೆ ಇಳಿಯುವುದಿಲ್ಲ. ಹೇಗೋ ಇಳಿದರೂ, ಹಿಂದಿನಿಂದ ಬಂದ ಹನಿ ಆವಿಯಾಗಿ ಸಾವಿರದ ಆರುನೂರು ಪಟ್ಟು ಹಿಗ್ಗಿ, ಕರಗಿದ ಲೋಹವನ್ನು ತೂರಿಕೊಂಡು ಹೊರಬರುತ್ತದೆ. ಅಲ್ಲಿ ಸೂಜಿಮೊನೆಯಷ್ಟು ತೂತು ಉಳಿಯುತ್ತದೆ. ಎರಡು ದಿನದ ಮೇಲೆ ಸೋರುವುದು ಅಲ್ಲಿಂದಲೇ.

ಪಿ.ವಿ.ಸಿ. ಪೈಪಿಗೂ ಇದೇ ಮಾತು ಅನ್ವಯಿಸುತ್ತದೆ. ಅದಕ್ಕೆ ಹಚ್ಚುವ ಅಂಟು ಒದ್ದೆಯ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಪೈಪು ಯಾವುದೇ ಇರಲಿ, ಜೋಡಿಸುವ ಜಾಗ ಮೊದಲು ಒಣಗಬೇಕು.

ಖಾಲಿ ಮಾಡುವ ಕ್ರಮ

1. ಸೋಲಾರ್ ಆಗಿದ್ದರೆ ಬೆಳಗಿನ ಜಾವವೇ ಕೆಲಸ ಆರಂಭಿಸಿ. ಹೊತ್ತೇರಿದರೆ ನೀರು ಕೈ ಸುಡುವಷ್ಟು ಕಾಯುತ್ತದೆ. ಗಾಜಿನ ತಟ್ಟೆಯ ಮೇಲೆ ದಪ್ಪ ಕಂಬಳಿ ಇಲ್ಲವೇ ತಾಡಪಾಲು ಹೊದಿಸಿ.

2. ತಣ್ಣೀರಿನ ವಾಲ್ ಮುಚ್ಚಿ. ಬೆರಳಿನ ಬಲದಿಂದ ಮುಚ್ಚಿದರೆ ಸಾಕು, ಪಾನಾ ಹಾಕಿ ತಿರುಗಿಸಬೇಡಿ.

3. ಆ ಲೈನಿನ ಎಲ್ಲಕ್ಕಿಂತ ಮೇಲಿನ ನಳ ತೆರೆಯಿರಿ. ಇದು ಗಾಳಿ ಒಳಗೆ ಹೋಗುವ ದಾರಿ. ಊದುಗೊಳವೆಯ ಮೇಲಿಂದ ಬೆರಳು ತೆಗೆದಂತೆ.

4. ಎಲ್ಲಕ್ಕಿಂತ ಕೆಳಗಿನ ನಳ ತೆರೆಯಿರಿ. ಇದು ನೀರು ಹೊರಹೋಗುವ ದಾರಿ. ಸೋಲಾರ್ ತಟ್ಟೆಯ ಕೆಳಮೂಲೆಯಲ್ಲಿ ಖಾಲಿ ಮಾಡುವ ಬಿರಡೆ ಇದ್ದರೆ ಅದನ್ನು ತೆಗೆಯಿರಿ. ಬಂದ ನೀರನ್ನು ಬಕೇಟಿನಲ್ಲಿ ಹಿಡಿದಿಡಿ. ಕೊಟ್ಟಿಗೆ ತೊಳೆಯಲು ಬರುತ್ತದೆ.

5. ಧಾರೆ ನಿಂತ ಮೇಲೆ ಅರ್ಧ ಗಂಟೆ ಹಾಗೆಯೇ ಬಿಡಿ. ಅವಸರ ಮಾಡುವುದು ಇಲ್ಲಿಯೇ, ಕೆಡುವುದೂ ಇಲ್ಲಿಯೇ.

6. ಪೈಪು ತಗ್ಗಿರುವ ಜಾಗದಲ್ಲಿ ಸ್ವಲ್ಪ ನೀರು ನಿಂತೇ ಇರುತ್ತದೆ. ಪೈಪನ್ನು ತುಸು ಬಾಗಿಸಿ ಬಸಿಯಬಹುದು. ಸಣ್ಣ ಪ್ಲಾಸ್ಟಿಕ್ ನಳಿಕೆ ಒಳಗೆ ಬಿಟ್ಟು ಎಳೆದು ತೆಗೆಯಬಹುದು. ಇಲ್ಲವೇ ಒಂದು ತುದಿಯಿಂದ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು ಇನ್ನೊಂದು ತುದಿಯಿಂದ ಹೊರದಬ್ಬಬಹುದು.

7. ಒಣ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಪೈಪಿನ ಬಾಯಿ ಒರೆಸಿ. ಹತ್ತು ನಿಮಿಷ ಬಿಟ್ಟು ಬೆರಳಿಟ್ಟು ನೋಡಿ. ಬೆರಳು ಒಣಗಿದ್ದರೆ ಬೆಸೆಯಲು ಹೇಳಿ.

ವಾಲೇ ಸೋರುತ್ತಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಆಗ ಮೇಲಿನ ಟಾಕಿಯನ್ನೇ ಖಾಲಿ ಮಾಡಬೇಕು, ಇಲ್ಲವೇ ಟಾಕಿಯ ಒಳಗಿನಿಂದ ಪೈಪಿನ ಬಾಯಿಗೆ ಬಿಗಿಯಾದ ಬಿರಡೆ ಹಾಕಬೇಕು. ಹಾಗೆಯೇ ಟಾಕಿಯ ಬುಡದಲ್ಲಿ ಹೊಸ ಬಾಲ್ ವಾಲ್ ಒಂದನ್ನು ಕೂರಿಸಿಕೊಳ್ಳಿ. ಮುಂದಿನ ಸಲ ಅರ್ಧ ಕೆಲಸ ತಪ್ಪುತ್ತದೆ.

ಬೇಕರಿ ಬ್ರೆಡ್ಡಿನ ಉಪಾಯ

ಎಲ್ಲ ಮಾಡಿದರೂ ಒಂದೊಂದು ಹನಿ ಬರುತ್ತಲೇ ಇದೆ ಎಂದಿಟ್ಟುಕೊಳ್ಳಿ. ಇದಕ್ಕೆ ಪ್ಲಂಬರುಗಳು ಬಹಳ ಹಿಂದಿನಿಂದ ಬಳಸುತ್ತ ಬಂದಿರುವ ಒಂದು ಸರಳ ಉಪಾಯವಿದೆ: ಬಿಳಿ ಬ್ರೆಡ್ಡು.

ಬ್ರೆಡ್ಡಿನ ಅಂಚಿನ ಕಂದು ಪಟ್ಟಿ ತೆಗೆದುಹಾಕಿ. ಒಳಗಿನ ಮೆತ್ತನೆಯ ಭಾಗವನ್ನು ಮಾತ್ರ ಬೆರಳಲ್ಲಿ ಉಂಡೆ ಕಟ್ಟಿ. ಒಡೆದ ಪೈಪಿನೊಳಗೆ, ನೀರು ಬರುವ ಕಡೆಗೆ, ಕಡ್ಡಿಯಿಂದ ಒಂದು ಗೇಣಿನಷ್ಟು ಒಳಗೆ ದಬ್ಬಿ. ಅದು ಬರುವ ಹನಿಯನ್ನು ಹೀರಿ, ಉಬ್ಬಿ, ಕೆಲವು ನಿಮಿಷ ತಡೆದು ನಿಲ್ಲುತ್ತದೆ. ಅಷ್ಟರಲ್ಲಿ ಬಾಯಿ ಒರೆಸಿ, ಬೆಸುಗೆ ಮುಗಿಸಬೇಕು. ಆಮೇಲೆ ನೀರು ಬಿಟ್ಟರೆ ಬ್ರೆಡ್ಡು ನೆನೆದು ಕರಗಿ ಹೊರಗೆ ಹೋಗುತ್ತದೆ.

ಜೋಳದ ರೊಟ್ಟಿ ಇದಕ್ಕೆ ಆಗುವುದಿಲ್ಲ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ, ಉಂಡೆ ಕಟ್ಟಿದರೂ ಪುಡಿಯಾಗುತ್ತದೆ. ಬಟ್ಟೆ, ಹತ್ತಿ, ಕಾಗದ ಎಂದಿಗೂ ತುರುಕಬೇಡಿ. ಅವು ಕರಗದೆ ಪೈಪಿನಲ್ಲೇ ಸಿಕ್ಕಿಕೊಳ್ಳುತ್ತವೆ.

ಈ ಉಪಾಯಕ್ಕೂ ಮಿತಿ ಇದೆ. ಹನಿಯನ್ನು ತಡೆಯುತ್ತದೆ, ಧಾರೆಯನ್ನಲ್ಲ. ಸೋಲಾರ್ ತಟ್ಟೆಯ ಸಣ್ಣ ಕೊಳವೆಗಳಿಗೆ ಬೇಡ, ಅಲ್ಲಿ ಕಟ್ಟಿಕೊಂಡರೆ ಹೊರಬರುವ ದಾರಿಯಿಲ್ಲ. 700 ಡಿಗ್ರಿಯ ಬೆಸುಗೆಗೆ ಹತ್ತಿರದಲ್ಲಿಟ್ಟರೆ ಬ್ರೆಡ್ಡು ಸುಟ್ಟು ಕರಿಯಾಗುತ್ತದೆ. ಅಂಥ ಬೆಸುಗೆಗೆ ಪೂರ್ತಿ ಖಾಲಿ ಮಾಡಿ ಒಣಗಿಸುವುದೇ ಸರಿ. ಬ್ರೆಡ್ಡು ಹಾಕಿದ ಲೈನಿನ ನಳದ ಜಾಲರಿ ಬಿಚ್ಚಿಟ್ಟು, ಪೂರ್ತಿ ಬಾಯಿ ತೆರೆದು ನೀರು ಬಿಡಿ. ಒಳಗೆ ಉಳಿದ ಚೂರು ಹುಳಿತು ವಾಸನೆ ಬರುತ್ತದೆ, ಆ ನೀರಿನಿಂದ ಕ್ಯಾನು ತೊಳೆದರೆ ಹಾಲಿಗೆ ಸೂಕ್ಷ್ಮಾಣು ಸೇರುತ್ತದೆ.

ಪೈಪನ್ನು ಕಾಯಿಸಿ ಒಳಗಿನ ನೀರನ್ನು ಆವಿ ಮಾಡಿ ಕಳೆಯುತ್ತೇನೆ ಎಂದು ಕೆಲಸಗಾರ ಹೇಳಿದರೆ, ಮೊದಲು ಲೈನಿನ ನಳ ತೆರೆದಿದೆಯೇ ನೋಡಿ. ಎರಡೂ ಕಡೆ ಮುಚ್ಚಿದ ಪೈಪಿನಲ್ಲಿ ಆವಿ ತುಂಬಿದರೆ ಪೈಪು ಸಿಡಿಯುತ್ತದೆ.

ಬೆಸೆಯುವವರು ಇಂದು ಸಿಗದಿದ್ದರೆ

ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ ತಾಮ್ರ ಬೆಸೆಯುವವರು ಕೂಡಲೇ ಸಿಗುವುದು ಕಷ್ಟ. ಸಾಮಾನು ತರಲು ಹುಮನಾಬಾದ್ ರಸ್ತೆ ಹಿಡಿದು ಕಲಬುರಗಿಗೇ ಬರಬೇಕಾಗುತ್ತದೆ. ಅಲ್ಲಿಯವರೆಗೆ ಹೀಗೆ ಮಾಡಿ.

ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ತೂತಿನ ಮೇಲೆ ಬಿಗಿಯಾಗಿ ಎಳೆದು ಸುತ್ತಿ, ಅದರ ಮೇಲೆ ಎರಡು ಸ್ಟೀಲ್ ಕ್ಲಿಪ್ ಹಾಕಿ ತಿರುಪು ಬಿಗಿಯಿರಿ. ಕ್ಲಿಪ್ಪು ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಇದು ಎರಡು-ಮೂರು ದಿನದ ವ್ಯವಸ್ಥೆ ಮಾತ್ರ, ಬಿಸಿನೀರಿಗೆ ರಬ್ಬರು ಬೇಗ ಸೋಲುತ್ತದೆ.

ನೀರನ್ನು ಪೂರ್ತಿ ಒಣಗಿಸಲು ಆಗದ ಜಾಗದಲ್ಲಿ ಬೆಂಕಿಯೇ ಬೇಡದ ಹಿತ್ತಾಳೆಯ ನಟ್ಟಿನ ಜೋಡಣೆ ಹಾಕಿಸಬಹುದು. ಪೈಪಿನ ಮೇಲೆ ಹಿತ್ತಾಳೆಯ ಬಳೆ ಇಟ್ಟು ನಟ್ಟು ಬಿಗಿದರೆ ಬಳೆ ಪೈಪನ್ನು ಹಿಡಿದುಕೊಳ್ಳುತ್ತದೆ. ಬೆಸುಗೆಗಿಂತ ಖರ್ಚು ಸ್ವಲ್ಪ ಹೆಚ್ಚಾಗಬಹುದು, ಆದರೆ ಹನಿಯ ಕಾಟವಿಲ್ಲ. ಅಳತೆಗೆ ಪೈಪಿನ ಒಂದು ತುಣುಕು ಜೊತೆಗೆ ಒಯ್ಯಿರಿ.

ದುರಸ್ತಿಗೆ ಮೊದಲೇ ಜಾನುವಾರಿಗೆ ನೀರು ತುಂಬಿಡಿ. ಬೇಸಿಗೆಯಲ್ಲಿ ಹಾಲು ಕೊಡುವ ಒಂದು ಆಕಳಿಗೆ ಅಥವಾ ಎಮ್ಮೆಗೆ ದಿನಕ್ಕೆ 60ರಿಂದ 100 ಲೀಟರ್ ಬೇಕಾಗಬಹುದು. ಈ ಲೆಕ್ಕದಲ್ಲಿ ಪೀಪಾಯಿ ತುಂಬಿ ನೆರಳಲ್ಲಿಡಿ.

ಕೊಟ್ಟಿಗೆಗೆ ಬರುವ ಮೂರು ಅಪಾಯ

ಪೈಪಿನ ಕೆಲಸದಲ್ಲಿ ಪಶುವೈದ್ಯಳಾಗಿ ನನ್ನ ಹೆಚ್ಚಿನ ಚಿಂತೆ ಇವುಗಳ ಬಗ್ಗೆ.

ಮೊದಲನೆಯದು ಬೆಂಕಿ. ಜೋಳದ ಕಣಕಿ, ತೊಗರಿ ಹೊಟ್ಟು, ತೊಗರಿ ಕಟ್ಟಿಗೆ ಇರುವ ಕಡೆ ಗ್ಯಾಸಿನ ಬೆಂಕಿ ತರಬಾರದು. ಬಿಚ್ಚಲು ಬರುವ ಪೈಪನ್ನು ಬಿಚ್ಚಿ ಅಂಗಳಕ್ಕೆ ಒಯ್ದು ಬೆಸೆಯಲಿ. ಅಲ್ಲೇ ಬೆಸೆಯಲೇಬೇಕಾದರೆ ದನಗಳನ್ನು ಬಿಚ್ಚಿ ಹೊರಗೆ ಕಟ್ಟಿ. ಹತ್ತಿರ ಎರಡು ಬಕೇಟು ನೀರು, ಒದ್ದೆ ಗೋಣಿಚೀಲ ಇರಲಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಆ ಜಾಗದ ಮೇಲೆ ಕಣ್ಣಿಡಿ. ಹೊಟ್ಟಿನೊಳಗೆ ಬಿದ್ದ ಕಿಡಿ ಹೊಗೆಯಾಡದೆಯೂ ಒಳಗೊಳಗೇ ಹಬ್ಬುತ್ತದೆ.

ಎರಡನೆಯದು ಸೀಸ. ರೇಡಿಯೊ, ಮೋಟರು ರಿಪೇರಿಗೆ ಬಳಸುವ ಸಾಮಾನ್ಯ ಬೆಸುಗೆ ತಂತಿಯಲ್ಲಿ ತವರದ ಜೊತೆ ಸೀಸ ಇರುತ್ತದೆ. ಅದು ಬೇಗ ಕರಗುತ್ತದೆಂದು ಕೆಲವರು ಪೈಪಿಗೂ ಹಾಕುತ್ತಾರೆ. ಬೇಡ ಎನ್ನಿ. ಸೀಸ ನೀರಿಗಿಳಿಯುತ್ತದೆ, ಜಾನುವಾರಿನ ಮೈ ಸೇರಿದರೆ ಹಾಲಿಗೂ ಬರುತ್ತದೆ. ದನಗಳಿಗೆ, ಅದರಲ್ಲೂ ಕರುಗಳಿಗೆ, ನೆಲಕ್ಕೆ ಬಿದ್ದದ್ದನ್ನು ನೆಕ್ಕುವ ಗುಣವಿದೆ. ಕರು ಇದ್ದಕ್ಕಿದ್ದಂತೆ ಕಣ್ಣು ಕಾಣದಂತೆ ಎಡವಿದರೆ, ಹಲ್ಲು ಕಡಿದರೆ, ಗೋಡೆಗೆ ತಲೆ ಒತ್ತಿ ನಿಂತರೆ, ಸುತ್ತು ಹೊಡೆದರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಹತ್ತಿರದಲ್ಲಿ ಬೆಸುಗೆ ಕೆಲಸ ನಡೆದಿದ್ದರೆ, ಹಳೆಯ ಬ್ಯಾಟರಿ ಬಿದ್ದಿದ್ದರೆ ಅದನ್ನೂ ಹೇಳಿ. ಪೈಪಿಗೆ "ಸೀಸ ಇಲ್ಲದ ಬೆಸುಗೆ" ಎಂದು ಕೇಳಿ ತರಿಸಿ. ಬೆಳ್ಳಿ ಕಡ್ಡಿ ಬಳಸುವುದಾದರೆ ಕ್ಯಾಡ್ಮಿಯಂ ಇಲ್ಲದ್ದೇ ಇರಲಿ. ಕ್ಯಾಡ್ಮಿಯಂ ಹೊಗೆ ಬೆಸೆಯುವವರಿಗೇ ವಿಷ.

ಮೂರನೆಯದು ತುಣುಕು. ಮೊಳೆ, ತಂತಿ ನುಂಗಿದ ದನದ ಹೊಟ್ಟೆಯಲ್ಲಿ ಅದು ಚುಚ್ಚಿಕೊಂಡು ಹೃದಯದವರೆಗೂ ಹೋಗಬಹುದೆಂದು ನಿಮಗೆ ಗೊತ್ತು. ಬಿದ್ದ ಮೊಳೆ ಹುಡುಕಲು ಅಯಸ್ಕಾಂತ ಆಡಿಸುತ್ತೇವೆ. ಆದರೆ ತಾಮ್ರ, ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ದನದ ಹೊಟ್ಟೆಗೆ ಹಾಕುವ ಅಯಸ್ಕಾಂತವೂ ಅವನ್ನು ಹಿಡಿಯದು. ಹೀಗಾಗಿ ಪೈಪು ಕತ್ತರಿಸುವಾಗ ಕೆಳಗೆ ಹಳೆಯ ಗೋಣಿಚೀಲ ಹಾಸಿ. ಮುಗಿದ ಮೇಲೆ ಚೀಲವನ್ನು ಮಡಚಿ ಎತ್ತಿ, ನೆಲವನ್ನು ಎರಡು ಸಲ ಗುಡಿಸಿ, ಆಮೇಲೆ ದನ ಕಟ್ಟಿ.

ದುರಸ್ತಿ ಆದ ಮೇಲೆ

ಬೆಸುಗೆ ತಾನಾಗಿ ಆರಲಿ, ನೀರು ಸುರಿದು ತಣಿಸಬೇಡಿ. ಆಮೇಲೆ ವಾಲನ್ನು ನಿಧಾನವಾಗಿ ಕಾಲುಭಾಗ ತೆರೆಯಿರಿ. ಮೇಲಿನ ನಳದಿಂದ ಗಾಳಿ ಬುಸುಗುಟ್ಟುವುದು ನಿಂತು ನೀರು ಸಮನಾಗಿ ಬಂದ ಮೇಲೆ ಪೂರ್ತಿ ತೆರೆಯಿರಿ. ಗಾಜಿನ ಕೊಳವೆಯ ಸೋಲಾರ್ ಆದರೆ ಬಿಸಿಲೇರಿದ ಮೇಲೆ ತಣ್ಣೀರು ತುಂಬಬೇಡಿ, ಕಾದ ಗಾಜು ಸೀಳುತ್ತದೆ.

ಬೆಸೆದ ಜಾಗಕ್ಕೆ ಒಣ ಕಾಗದ ಸುತ್ತಿ ಒಂದು ತಾಸು ಬಿಟ್ಟು ನೋಡಿ. ಕಣ್ಣಿಗೆ ಕಾಣದ ಸೋರಿಕೆ ಕಾಗದಕ್ಕೆ ಕಾಣುತ್ತದೆ. ಹನಿ ಹನಿಗೂಡಿದರೆ ಹಳ್ಳ ಎನ್ನುತ್ತೇವೆ. ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು ನೀರು ಹೋಗುತ್ತದೆ. ಕೊಟ್ಟಿಗೆಯ ನೆಲ ಸದಾ ಒದ್ದೆ ಇದ್ದರೆ ಗೊರಸು ಮೆತ್ತಗಾಗುತ್ತದೆ, ಮಲಗಿದ ಆಕಳ ಕೆಚ್ಚಲಿಗೆ ಬಾವು ಬರುವ ಸಾಧ್ಯತೆ ಹೆಚ್ಚುತ್ತದೆ.

ಬೆಸುಗೆಗೆ ಹಚ್ಚಿದ ಪೇಸ್ಟು ಒಳಗೆ ಉಳಿದಿರುತ್ತದೆ. ಹದಿನೈದು ನಿಮಿಷ ನೀರು ಹರಿಯಬಿಟ್ಟು, ಆ ನೀರನ್ನು ದನಕ್ಕೆ ಕುಡಿಸದೆ, ಕ್ಯಾನಿಗೂ ಬಳಸದೆ ಚೆಲ್ಲಿ.

ಬಿಸಿನೀರು ಮರಳಿ ಬಂದ ಮೇಲೆ ಕ್ಯಾನು ತೊಳೆಯುವ ಕ್ರಮ ತಪ್ಪಿಸಬೇಡಿ. ಹಾಲು ಸುರಿದ ಕೂಡಲೇ ಮೊದಲು ಬೆಚ್ಚಗಿನ ನೀರಿನಿಂದ ಜಾಲಿಸಿ. ಮೊದಲೇ ಕುದಿನೀರು ಹಾಕಿದರೆ ಹಾಲಿನ ಅಂಶ ಕ್ಯಾನಿಗೆ ಅಂಟಿ ಗಟ್ಟಿಯಾಗುತ್ತದೆ. ಆಮೇಲೆ ಸೋಡಾ ಇಲ್ಲವೇ ತೊಳೆಯುವ ಪುಡಿ ಹಾಕಿದ ಬಿಸಿನೀರಿನಲ್ಲಿ ಉಜ್ಜಿ, ಸ್ವಚ್ಛ ಬಿಸಿನೀರಿನಿಂದ ಜಾಲಿಸಿ, ಬೋರಲು ಹಾಕಿ ಒಣಗಿಸಿ. ತಾಮ್ರದ ಪೈಪು ನೀರಿಗೆ ಸರಿ, ಹಾಲಿಗೆ ಸಲ್ಲ. ಹಾಲಿಗೆ ತೀರ ಅಲ್ಪ ತಾಮ್ರ ಬೆರೆತರೂ ಕೊಬ್ಬು ಕೆಟ್ಟು ರಟ್ಟಿನಂಥ ರುಚಿ ಬರುತ್ತದೆ. ಹಾಲು ಮುಟ್ಟುವ ಪಾತ್ರೆ ಸ್ಟೀಲಿನದೇ ಇರಲಿ. ರಾತ್ರಿಯಿಡೀ ತಾಮ್ರದ ಪೈಪಿನಲ್ಲಿ ನಿಂತ ಮೊದಲ ನೀರನ್ನು ಬೆಳಗ್ಗೆ ಕ್ಯಾನಿಗೆ ಬಳಸದೆ ನೆಲ ತೊಳೆಯಲು ಬಿಡಿ.

ನೆನಪಿಡಿ

- ದನಕ್ಕೆ ನೀರು ತುಂಬಿಟ್ಟ ಮೇಲೆಯೇ ವಾಲ್ ಮುಚ್ಚಿ.
- ಮೇಲಿನ ನಳ ಗಾಳಿಗೆ, ಕೆಳಗಿನ ನಳ ನೀರಿಗೆ. ಎರಡೂ ತೆರೆದಿರಲಿ.
- ಸೋಲಾರ್ ತಟ್ಟೆ ಒಡೆದಿದ್ದರೆ ಟಾಕಿಯೂ ಖಾಲಿಯಾಗಬೇಕು.
- ಬೆರಳಿಗೆ ಒದ್ದೆ ತಾಗಿದರೆ ಬೆಸುಗೆ ಬೇಡ.
- ಬ್ರೆಡ್ಡು ಕೊನೆಯ ಹನಿಗೆ ಮಾತ್ರ, ಅಂಚು ತೆಗೆದು ಹಾಕಿ.
- ಸೀಸದ ಬೆಸುಗೆ ಬೇಡ, ಕಣಕಿಯ ಬಳಿ ಬೆಂಕಿ ಬೇಡ, ತುಣುಕು ಉಳಿಯಬಾರದು.

ಕೆಲಸಗಾರ ಬಂದು ವಾಲ್ ಮುಚ್ಚಿದ ಕೂಡಲೇ ಗ್ಯಾಸ್ ಹಚ್ಚಲು ಹೊರಟರೆ, "ತಮ್ಮಾ, ಮೇಲಿನ ನಳ ತೆರೆದಿಲ್ಲ, ನೀರು ಇನ್ನೂ ಇಳಿದಿಲ್ಲ, ಸ್ವಲ್ಪ ತಡಿ" ಎಂದು ಹೇಳಿ. ನಿಮ್ಮ ಮಹಿಳಾ ಸಂಘದ ಸಭೆಯಲ್ಲೂ ಈ ವಿಷಯ ಮಾತಾಡಿಕೊಳ್ಳಿ. ಒಬ್ಬರ ಮನೆಯಲ್ಲಿ ಕ್ಲಿಪ್ಪು, ಟ್ಯೂಬಿನ ಪಟ್ಟಿ, ಸೈಕಲ್ ಪಂಪು ಇದ್ದರೆ ಓಣಿಗೆಲ್ಲ ಆಗುತ್ತದೆ.

– ಪಶುವೈದ್ಯಾಧಿಕಾರಿ